ಮೂಲ ಫಿಲ್ಮನ್ನು ಕೈಬಿಡದ ಡೆಸಿ ಅರ್ನಾಜ್

ಡೆಸಿ ಅರ್ನಾಜ್ ಜನಿಸಿದ್ದು 1917ರ ಮಾರ್ಚ್ 2ರಂದು, ಕ್ಯೂಬಾ ದ್ವೀಪದ ಸಾಂಟಿಯಾಗೊ ನಗರದಲ್ಲಿ. ಸಿರಿವಂತ ಮನೆತನ, ತಂದೆ ಆ ನಗರದ ಮೇಯರರಾಗಿದ್ದವರು. 1933ರ ಕ್ರಾಂತಿಯಲ್ಲಿ ಮನೆ ಲೂಟಿಯಾಯಿತು, ತಂದೆ ಸೆರೆಮನೆ ಸೇರಿದರು. ಬಿಡುಗಡೆಯಾದ ತಂದೆಯನ್ನು ಹಿಂಬಾಲಿಸಿ 1934ರಲ್ಲಿ ಅಮೆರಿಕದ ಮಯಾಮಿಗೆ ಬಂದ ಹುಡುಗನ ಕೈಯಲ್ಲಿ ಕಾಸಿರಲಿಲ್ಲ, ಇಂಗ್ಲಿಷೂ ಸರಿಯಾಗಿ ಬರುತ್ತಿರಲಿಲ್ಲ. ಹಕ್ಕಿಗಳ ಪಂಜರ ತೊಳೆದು ಹೊಟ್ಟೆ ಹೊರೆದದ್ದೂ ಉಂಟು. ಹಾಡುಗಾರಿಕೆ, ವಾದ್ಯವೃಂದ ಅವರನ್ನು ಮೇಲೆತ್ತಿದವು. 1940ರಲ್ಲಿ ಹಾಲಿವುಡ್ ನಟಿ ಲೂಸಿಲ್ ಬಾಲ್ ಅವರನ್ನು ವಿವಾಹವಾದರು.

ಸಿ.ಬಿ.ಎಸ್. ಸಂಸ್ಥೆ ಲೂಸಿಲ್‌ರನ್ನು ಟೆಲಿವಿಷನ್ನಿಗೆ ಕರೆದಾಗ, ಗಂಡನ ಪಾತ್ರ ತನ್ನ ಗಂಡನಿಗೇ ಬೇಕೆಂದು ಆಕೆ ಪಟ್ಟು ಹಿಡಿದರು. ಅರ್ನಾಜರ ಉಚ್ಚಾರಣೆಯಲ್ಲಿ ಸ್ಪ್ಯಾನಿಷ್ ಸೊಗಡಿತ್ತು. ಇಂಥವನನ್ನು ಅಮೆರಿಕದ ಹೆಣ್ಣಿನ ಗಂಡನೆಂದು ಜನ ಒಪ್ಪರೆಂಬುದು ಅಧಿಕಾರಿಗಳ ಅಳುಕು. ದಂಪತಿಗಳು 1950ರಲ್ಲಿ ಊರೂರು ಸುತ್ತಿ ರಂಗದ ಮೇಲೆ ಆಡಿ ತೋರಿಸಿದರು. ಜನ ಒಪ್ಪಿದರು.

ಇನ್ನೊಂದು ತೊಡಕು ಬಂತು. ಆಗ ಕಾರ್ಯಕ್ರಮಗಳು ನ್ಯೂಯಾರ್ಕಿನಿಂದ ನೇರ ಪ್ರಸಾರವಾಗುತ್ತಿದ್ದವು. ದೂರದ ಊರುಗಳಿಗೆ ಸಿಗುತ್ತಿದ್ದದ್ದು ಟೆಲಿವಿಷನ್ ತೆರೆಯನ್ನೇ ಕ್ಯಾಮರಾದಿಂದ ಹಿಡಿದ ಮಸುಕು ಪ್ರತಿ. ದಂಪತಿಗಳಿಗೆ ಹಾಲಿವುಡ್ ಬಿಡಲು ಮನಸ್ಸಿಲ್ಲ. ಪ್ರಾಯೋಜಕರಿಗೆ ಮಸುಕು ಚಿತ್ರ ಬೇಕಿಲ್ಲ. ಎಲ್ಲವನ್ನೂ 35 ಮಿಲಿಮೀಟರ್ ಫಿಲ್ಮಿನಲ್ಲೇ ಚಿತ್ರೀಕರಿಸೋಣವೆಂದು ಅರ್ನಾಜ್ ನಿರ್ಧರಿಸಿದರು. ಖರ್ಚು ಏರಿತು. ಸಂಬಳದಲ್ಲಿ ಕಡಿತವನ್ನು ಒಪ್ಪಿ, ಬದಲಿಗೆ ಆ ಫಿಲ್ಮುಗಳ ಒಡೆತನ ಕೇಳಿದರು. ಒಮ್ಮೆ ಪ್ರಸಾರವಾದದ್ದಕ್ಕೆ ಬೆಲೆಯುಂಟೆಂದು ಆಗ ಯಾರೂ ಎಣಿಸಿರಲಿಲ್ಲ. ಕೇಳಿದ್ದು ಸುಲಭವಾಗಿ ಸಿಕ್ಕಿತು.

ಜರ್ಮನಿಯಲ್ಲಿ ಹೆಸರು ಮಾಡಿದ್ದ ಛಾಯಾಗ್ರಾಹಕ ಕಾರ್ಲ್ ಫ್ರಾಯಿಂಡ್, ಪ್ರೇಕ್ಷಕರ ಎದುರಿನಲ್ಲೇ ಮೂರು ಕ್ಯಾಮರಾ ಏಕಕಾಲಕ್ಕೆ ಓಡುವಂತೆ ಬೆಳಕು ಹೊಂದಿಸಿದರು. 1951ರ ಅಕ್ಟೋಬರ್ 15ರಂದು ಆರಂಭವಾದ ‘ಐ ಲವ್ ಲೂಸಿ’ ಮನೆಮಾತಾಯಿತು. ಮುಂದೆ ಅದೇ ಫಿಲ್ಮುಗಳನ್ನು ಸಿ.ಬಿ.ಎಸ್. ಲಕ್ಷಗಟ್ಟಲೆ ಡಾಲರ್ ತೆತ್ತು ಕೊಂಡಿತು. ದಂಪತಿಗಳ ಡೆಸಿಲು ಸಂಸ್ಥೆ ಆರ್.ಕೆ.ಒ. ಸ್ಟುಡಿಯೋವನ್ನೇ ಖರೀದಿಸಿತು.

ಆದರೆ ಕುಡಿತ ಅರ್ನಾಜರನ್ನು ಹಣಿಯಿತು. 1960ರಲ್ಲಿ ವಿವಾಹ ವಿಚ್ಛೇದನವಾಯಿತು. 1962ರಲ್ಲಿ ತಮ್ಮ ಪಾಲನ್ನು ಲೂಸಿಲ್‌ರಿಗೇ ಮಾರಿದರು. 1986ರ ಡಿಸೆಂಬರ್ 2ರಂದು ಕ್ಯಾಲಿಫೋರ್ನಿಯಾದಲ್ಲಿ ನಿಧನರಾದರು.

ಅವರ ಹಟದ ಫಲ ಪೂರ್ಣವಾಗಿ ಕಂಡದ್ದು ಅನಂತರ. ಅಂದಿನ ಟೆಲಿವಿಷನ್ ತೆರೆಗಿಂತ ಎಷ್ಟೋ ಹೆಚ್ಚು ವಿವರವನ್ನು ಆ ಫಿಲ್ಮು ಹಿಡಿದಿಟ್ಟಿತ್ತು. ಇಂಥ ಹಳೆಯ ಫಿಲ್ಮನ್ನು ಶುಚಿಗೊಳಿಸಿ, ಒಂದೊಂದೇ ಚೌಕಟ್ಟನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಧೂಳು ಗೀರುಗಳನ್ನು ಅಳಿಸಿ, ಬೆಳಕನ್ನು ಸರಿತೂಗಿಸುತ್ತಾರೆ. 2014ರಲ್ಲಿ ಮೊದಲ ವರ್ಷದ ಕಂತುಗಳು ಬ್ಲೂ-ರೇ ತಟ್ಟೆಯಲ್ಲಿ ಹೊರಬಂದಾಗ, 1951ರ ಮನೆಗಳಲ್ಲಿ ಯಾರೂ ಕಾಣದಷ್ಟು ಸ್ಪಷ್ಟವಾಗಿದ್ದವು.

ಸರಣಿಗೆ ಮುನ್ನ ಮಾಡಿದ ಪ್ರಾಯೋಗಿಕ ಕಂತು ಮಾತ್ರ ಹಳೆಯ ಮಸುಕು ವಿಧಾನದ್ದು. ಬಹುಕಾಲ ಕಳೆದುಹೋಗಿ, ಅದರಲ್ಲಿ ನಟಿಸಿದ್ದ ವಿದೂಷಕನ ಮನೆಯಲ್ಲಿ ದೊರೆತು, 1990ರಲ್ಲಿ ಪ್ರಸಾರವಾಯಿತು. ಅದೆಷ್ಟು ತಿದ್ದಿದರೂ ಮಸುಕೇ. ಮೂಲದಲ್ಲಿ ಇಲ್ಲದ್ದನ್ನು ಯಂತ್ರ ತಂದುಕೊಡಲಾರದು. ಹುಟ್ಟೂರಿನಲ್ಲಿದ್ದ ಎಲ್ಲವನ್ನೂ ಕಳೆದುಕೊಂಡಿದ್ದ ಆ ಮನುಷ್ಯ, ಸಂಬಳ ಬಿಟ್ಟುಕೊಟ್ಟು ಮೂಲವನ್ನು ಉಳಿಸಿಕೊಂಡರು. ಉಚ್ಚಾರಣೆಯನ್ನೂ ಬದಲಿಸಿಕೊಳ್ಳಲಿಲ್ಲ, ಇಂದಿಗೂ ಆ ಫಿಲ್ಮಿನಲ್ಲಿ ಕೇಳಿಸುವುದು ಅವರದೇ ಸ್ಪ್ಯಾನಿಷ್ ಸೊಗಡಿನ ಮಾತು.