ಮರಳಿ ಕರೆಸಿಕೊಂಡ ರಾಯಭಾರಿ

ಬ್ಯಾಂಕ್ ಪರೀಕ್ಷೆಗೆ ಓದುವವರಿಗೆಲ್ಲ ಈ ಪ್ರಶ್ನೆ ಕಂಠಪಾಠ. ರಿಸರ್ವ್ ಬ್ಯಾಂಕಿನಲ್ಲಿ ಅತಿ ಹೆಚ್ಚು ಕಾಲ ಗವರ್ನರ್ ಆಗಿದ್ದವರು ಯಾರು? ಉತ್ತರ, ಬೆನಗಲ್ ರಾಮರಾವ್. ಒಂದು ಅಂಕ ಬಂತು, ಮುಂದಿನ ಪ್ರಶ್ನೆಗೆ ಹೋದೆವು. ಕೊಹಿನೂರಿನಿಂದ ಬಸವಕಲ್ಯಾಣ, ಹುಮನಾಬಾದಿಗೆ ಓಡಾಡುತ್ತ ಪರೀಕ್ಷೆಗೆ ತಯಾರಾಗುವ ನಮ್ಮಂಥವರಿಗೆ ಆ ಹೆಸರಿನ ಹಿಂದಿನ ಮನುಷ್ಯನ ಪರಿಚಯವಿಲ್ಲ.

ವಯಸ್ಸಾದವರಿಗೆ, ನಿವೃತ್ತರಿಗೆ ಸರ್ಕಾರ ಮತ್ತೆ ಹುದ್ದೆ ಕೊಟ್ಟ ಸುದ್ದಿ ಓದಿದಾಗ ನಮಗೆ ಸಿಟ್ಟು ಬರುತ್ತದೆ. ಅವರಿಗೇ ಎಲ್ಲ ಕೊಟ್ಟರೆ ನಮ್ಮ ಪಾಲಿಗೇನು ಎನ್ನಿಸುತ್ತದೆ. ರಾಮರಾವ್ ಅವರನ್ನು ಸರ್ಕಾರ ಅಮೆರಿಕದಿಂದ ಕರೆಸಿ ರಿಸರ್ವ್ ಬ್ಯಾಂಕಿನಲ್ಲಿ ಕೂರಿಸಿದಾಗ ಅವರಿಗೆ ಆಗಲೇ 60 ವರ್ಷ. ಆ ಸಿಟ್ಟಿನಲ್ಲೇ ಅವರ ಬದುಕನ್ನು ನೋಡಹೊರಟ ನನಗೆ ಸಿಕ್ಕಿದ್ದು ಬೇರೆಯೇ.

1889ರಲ್ಲಿ ಹುಟ್ಟಿದ ರಾಮರಾವ್ ಕರಾವಳಿಯ ಬೆನಗಲ್ ಮನೆತನದವರು. ತಂದೆ ವೈದ್ಯರು. ಸಂವಿಧಾನ ರಚನಾ ಸಭೆಗೆ ಸಲಹೆಗಾರರಾಗಿದ್ದ ಬಿ.ಎನ್. ರಾವ್ ಇವರ ಅಣ್ಣ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು, ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ ಓದಿ ಐಸಿಎಸ್ ಸೇರಿದರು. 1938ರಿಂದ 1941ರವರೆಗೆ ದಕ್ಷಿಣ ಆಫ್ರಿಕಾದಲ್ಲಿ ಭಾರತದ ಪ್ರತಿನಿಧಿ. ಅಲ್ಲಿನ ಭಾರತೀಯರ ಭೂಮಿ, ವ್ಯಾಪಾರದ ಹಕ್ಕಿಗೆ ಕತ್ತರಿ ಬೀಳುತ್ತಿದ್ದ ಕಾಲವದು. ಬಳಿಕ ಮುಂಬೈ ಬಂದರು ಮಂಡಳಿಯ ಅಧ್ಯಕ್ಷರಾದರು. ಸ್ವಾತಂತ್ರ್ಯ ಬಂದ ಮೇಲೆ ಜಪಾನ್, ಆಮೇಲೆ ಅಮೆರಿಕದಲ್ಲಿ ರಾಯಭಾರಿಯಾದರು.

ಅಲ್ಲಿಂದಲೇ ಸರ್ಕಾರ ಅವರನ್ನು ಮರಳಿ ಕರೆಯಿತು. 1949ರ ಜನವರಿ 1ರಂದು ರಿಸರ್ವ್ ಬ್ಯಾಂಕ್ ರಾಷ್ಟ್ರೀಕರಣವಾಗಿತ್ತು. ಆರು ತಿಂಗಳ ನಂತರ, ಜುಲೈ 1ರಂದು ಸಿ.ಡಿ. ದೇಶಮುಖ್ ಅವರ ಜಾಗಕ್ಕೆ ರಾಮರಾವ್ ಬಂದರು. ಮೂರು ತಿಂಗಳೂ ತುಂಬಿರಲಿಲ್ಲ, ಬ್ರಿಟನ್ ಪೌಂಡಿನ ಬೆಲೆ ಇಳಿಸಿತು. ಭಾರತವೂ ರೂಪಾಯಿಯ ಬೆಲೆ ಇಳಿಸಬೇಕಾಯಿತು. ಸುಮಾರು 3.30 ರೂಪಾಯಿಗೆ ಸಿಗುತ್ತಿದ್ದ ಡಾಲರ್ 4.76 ರೂಪಾಯಿ ಆಯಿತು. ಅಂಥ ಹೊತ್ತಿನಲ್ಲಿ ಹೊರದೇಶಗಳ ವ್ಯವಹಾರ ಬಲ್ಲವರೊಬ್ಬರು ಆ ಕುರ್ಚಿಯಲ್ಲಿದ್ದರು.

ಆದರೆ ಅವರ ಕಾಲದ ದೊಡ್ಡ ಕೆಲಸ ನಡೆದಿದ್ದು ಹಳ್ಳಿಗಳಲ್ಲಿ. ರೈತರಿಗೆ ಸಾಲ ಎಲ್ಲಿಂದ ಸಿಗುತ್ತದೆ ಎಂದು ತಿಳಿಯಲು ರಿಸರ್ವ್ ಬ್ಯಾಂಕ್ 1951-52ರಲ್ಲಿ 75 ಜಿಲ್ಲೆಗಳ 600 ಹಳ್ಳಿಗಳಲ್ಲಿ ಸಮೀಕ್ಷೆ ಮಾಡಿಸಿತು. ಎ.ಡಿ. ಗೋರ್ವಾಲಾ ಸಮಿತಿಯ ಆ ವರದಿ ಬೆಚ್ಚಿಬೀಳಿಸುವಂತಿತ್ತು. ರೈತರ ಸಾಲದಲ್ಲಿ ಸುಮಾರು ಶೇ 70ರಷ್ಟು ಸಾಹುಕಾರರದ್ದು. ಸಹಕಾರ ಸಂಘಗಳದ್ದು ಶೇ 3.1, ವಾಣಿಜ್ಯ ಬ್ಯಾಂಕುಗಳದ್ದು ಶೇ 1ಕ್ಕಿಂತ ಕಡಿಮೆ. ಆ ವರದಿಯ ಫಲವಾಗಿಯೇ ಇಂಪೀರಿಯಲ್ ಬ್ಯಾಂಕ್ 1955ರ ಜುಲೈ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಆಯಿತು. ಇಂದು ನಾವು ಯಾವ ಬ್ಯಾಂಕಿನ ಕ್ಲರ್ಕ್, ಪಿಒ ಹುದ್ದೆಗೆ ಅರ್ಜಿ ಹಾಕುತ್ತೇವೋ ಅದೇ ಬ್ಯಾಂಕ್.

ನಮ್ಮ ಭಾಗಕ್ಕೂ ಆ ವರ್ಷಗಳು ಮುಖ್ಯ. ನಿಜಾಮರ ಹಾಲಿ ಸಿಕ್ಕಾ ನಡೆಯುತ್ತಿದ್ದ ಬೀದರ್ ಸೀಮೆಗೆ 1950ರಿಂದ ಭಾರತದ ರೂಪಾಯಿಯೂ ಬಂತು. 1956ರಲ್ಲಿ ಹೈದರಾಬಾದ್ ಸ್ಟೇಟ್ ಬ್ಯಾಂಕ್ ರಿಸರ್ವ್ ಬ್ಯಾಂಕಿನ ಕೈಗೆ ಬಂದು, ನಮ್ಮ ಹಿರಿಯರು ಎಸ್‌ಬಿಎಚ್ ಎನ್ನುತ್ತಿದ್ದ ಬ್ಯಾಂಕ್ ಆಯಿತು.

ಅದೇ ವರ್ಷ ಹಣಕಾಸು ಸಚಿವರಾಗಿ ಬಂದ ಟಿ.ಟಿ. ಕೃಷ್ಣಮಾಚಾರಿ, ಹುಂಡಿ ಪತ್ರಗಳ ಮೇಲಿನ ಮುದ್ರಾಂಕ ಶುಲ್ಕ ಏರಿಸಿದರು. ಅದರಿಂದ ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಿಂದ ಪಡೆಯುವ ಸಾಲ ದುಬಾರಿಯಾಯಿತು. ಬಡ್ಡಿದರ ನಿರ್ಧರಿಸುವ ಅಧಿಕಾರ ರಿಸರ್ವ್ ಬ್ಯಾಂಕಿನದು, ಅದನ್ನು ಹಿಂಬಾಗಿಲಿನಿಂದ ಬದಲಿಸುವುದು ಸರಿಯಲ್ಲ ಎಂಬುದು ರಾಮರಾವ್ ಅವರ ನಿಲುವು. ಸಚಿವರಿಗೆ ರಿಸರ್ವ್ ಬ್ಯಾಂಕ್ ತಮ್ಮ ಇಲಾಖೆಯ ಒಂದು ವಿಭಾಗದಂತೆ ಕಂಡಿತ್ತು. ಪ್ರಧಾನಿ ನೆಹರೂ ಕೂಡ ಸಚಿವರ ಪರ ನಿಂತರು. ಅವಧಿ ಇನ್ನೂ ಉಳಿದಿದ್ದರೂ ರಾಮರಾವ್ ರಾಜೀನಾಮೆ ಕೊಟ್ಟು, 1957ರ ಜನವರಿ 14ರಂದು ಹೊರನಡೆದರು. ಏಳೂವರೆ ವರ್ಷಗಳ ಆ ದಾಖಲೆಯನ್ನು ಇಂದಿಗೂ ಯಾರೂ ಮುರಿದಿಲ್ಲ. 1969ರಲ್ಲಿ ಅವರು ತೀರಿಕೊಂಡರು.

ಈಗ ನನ್ನ ಸಿಟ್ಟು ಪೂರ್ತಿ ಹೋಗಿಲ್ಲ, ಆದರೆ ದಿಕ್ಕು ಬದಲಿಸಿದೆ. ಹಿರಿಯರನ್ನು ಮರಳಿ ಕರೆಯುವುದೇ ತಪ್ಪಲ್ಲ. ಕರೆದದ್ದು ಕೆಲಸಕ್ಕೋ, ಬರೀ ಕುರ್ಚಿಗೋ ಎಂದು ಕೇಳಬೇಕು. ಕುರ್ಚಿಗಾಗಿ ಬಂದವರಾಗಿದ್ದರೆ ರಾಮರಾವ್ ಒಂದು ಶುಲ್ಕದ ವಿಷಯಕ್ಕೆ ಅದನ್ನು ಬಿಡುತ್ತಿರಲಿಲ್ಲ. ಕೆಲಸಕ್ಕಾಗಿ ವರ್ಷಗಟ್ಟಲೆ ಕಾಯುವ ನಮಗೆ, ಸಿಕ್ಕ ಹುದ್ದೆಯನ್ನು ಬಿಟ್ಟು ಬರುವ ಮಾತು ದೂರದ್ದು ಅನ್ನಿಸಬಹುದು. ಆದರೂ ಮುಂದಿನ ಬಾರಿ ಆ ಒಂದು ಅಂಕದ ಪ್ರಶ್ನೆ ಬಂದಾಗ, ಉತ್ತರದ ಜೊತೆಗೆ ಅವರು ಹೊರನಡೆದ ಆ ದಿನವೂ ನೆನಪಾಗಲಿ.