ದೀಪಧಾರಿಣಿ ಮತ್ತು ನಮ್ಮೂರಿನ ಆಶಾ ಅಕ್ಕ



ಫ್ಲಾರೆನ್ಸ್ ನೈಟಿಂಗೇಲ್ ಎಂದ ಕೂಡಲೇ ನಮಗೆಲ್ಲ ನೆನಪಾಗುವುದು ರಾತ್ರಿ ಹೊತ್ತು ದೀಪ ಹಿಡಿದು ಗಾಯಾಳು ಸೈನಿಕರ ನಡುವೆ ಓಡಾಡಿದ ಕಥೆ. ಆ ಕಥೆ ನಿಜವೇ. ಆದರೆ ಯುದ್ಧದ ಆಸ್ಪತ್ರೆಯಲ್ಲಿ ಅವರು ಇದ್ದದ್ದು ಎರಡು ವರ್ಷಕ್ಕೂ ಕಡಿಮೆ, ಬದುಕಿದ್ದು 90 ವರ್ಷ! ಉಳಿದ ವರ್ಷಗಳಲ್ಲಿ ಏನು ಮಾಡಿದರು ಅಂತ ಹುಡುಕುತ್ತಾ ಹೋದರೆ ಕಥೆ ನಮ್ಮ ಮನೆ ಜಗಲಿಗೇ ಬಂದು ನಿಲ್ಲುತ್ತದೆ. ಅದಕ್ಕೇ ಈ ಸಲ ಗೋಡೆ ಪತ್ರಿಕೆಗೆ ಇವರ ಜೀವನವನ್ನು ಬರೆದಿದ್ದೇನೆ.

ನೈಟಿಂಗೇಲ್ ಅವರು 1820ನೇ ಇಸವಿ ಮೇ 12ರಂದು ಇಟಲಿ ದೇಶದ ಫ್ಲಾರೆನ್ಸ್ ನಗರದಲ್ಲಿ ಹುಟ್ಟಿದರು. ಹುಟ್ಟಿದ ಊರಿನ ಹೆಸರನ್ನೇ ಮಗುವಿಗೆ ಇಟ್ಟರು. ಅಕ್ಕ ನೇಪಲ್ಸ್‌ನಲ್ಲಿ ಹುಟ್ಟಿದ್ದಕ್ಕೆ ಆ ಊರಿನ ಹಳೇ ಗ್ರೀಕ್ ಹೆಸರು ಪಾರ್ಥೆನೋಪಿ ಅಂತ ಇಟ್ಟಿದ್ದರು. (ನಮ್ಮ ಕಡೆ ಹೀಗೆ ಮಾಡಿದ್ದರೆ ಹಾಜರಿ ಪುಸ್ತಕದಲ್ಲಿ ಬ್ಯಾಕೋಡು, ರಿಪ್ಪನ್‌ಪೇಟೆ, ಕೋಣಂದೂರು ಅಂತ ಹೆಸರು ಕೂಗಬೇಕಾಗುತ್ತಿತ್ತು.) ಇಂಗ್ಲೆಂಡಿನ ಶ್ರೀಮಂತ ಮನೆತನ. ತಂದೆಯೇ ಪಾಠ ಹೇಳಿಕೊಟ್ಟರು. ಲೆಕ್ಕ ಎಂದರೆ ಇವರಿಗೆ ಬಹಳ ಇಷ್ಟ. ರೋಗಿಗಳ ಸೇವೆ ಮಾಡುತ್ತೇನೆ ಎಂದಾಗ ಮಾತ್ರ ಮನೆಯವರು ಒಪ್ಪಲೇ ಇಲ್ಲ. ಆ ಕಾಲದಲ್ಲಿ ದಾದಿಯ ಕೆಲಸ ಮರ್ಯಾದಸ್ಥರದ್ದಲ್ಲ ಎಂಬ ಭಾವನೆ ಇತ್ತು. ಕೊನೆಗೂ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ಗೆ ಹೋಗಿ ಮೂರು ತಿಂಗಳು ಕಲಿತು ಬಂದರು.

1854ರಲ್ಲಿ ಕ್ರಿಮಿಯಾ ಯುದ್ಧ ನಡೆಯುತ್ತಿತ್ತು. 38 ಮಂದಿ ಹೆಂಗಸರನ್ನು ಕರೆದುಕೊಂಡು ಟರ್ಕಿಯ ಸ್ಕುಟಾರಿ ಆಸ್ಪತ್ರೆಗೆ ಹೋದರು. ಅಲ್ಲಿ ಹಾಸಿಗೆ ಇಲ್ಲ, ಬಟ್ಟೆ ಇಲ್ಲ, ಎಲ್ಲೆಲ್ಲೂ ಹೇನು, ಇಲಿ. ಇವರು ಅಡುಗೆಮನೆ ಸರಿಮಾಡಿದರು, ಬಟ್ಟೆ ಒಗೆಸಿದರು, ರಾತ್ರಿ ದೀಪ ಹಿಡಿದು ತಿರುಗಿದರು. ನಮ್ಮ ಕಥೆಗಳು ಇಲ್ಲಿಗೇ ನಿಂತುಬಿಡುತ್ತವೆ. ಆದರೆ ಆ ಚಳಿಗಾಲದಲ್ಲಿ ಸಾವು ಕಡಿಮೆ ಆಗಲಿಲ್ಲ, ಹೆಚ್ಚೇ ಆಯಿತು! ಗುಂಡೇಟಿನಿಂದ ಸತ್ತವರಿಗಿಂತ ಕಾಲರಾ, ಭೇದಿ, ಜ್ವರದಿಂದ ಸತ್ತವರೇ ಎಷ್ಟೋ ಪಾಲು ಜಾಸ್ತಿ. ಆಸ್ಪತ್ರೆ ಕಟ್ಟಡದ ಅಡಿಯಲ್ಲೇ ಗಲೀಜು ನೀರಿನ ಚರಂಡಿ ತುಂಬಿ ನಿಂತಿತ್ತು. 1855ರ ಮಾರ್ಚ್‌ನಲ್ಲಿ ಇಂಗ್ಲೆಂಡಿನಿಂದ ನೈರ್ಮಲ್ಯದ ತಂಡ ಬಂದು ಚರಂಡಿ ಬಿಡಿಸಿ, ನೀರು ಗಾಳಿ ಸರಿಮಾಡಿದ ಮೇಲೆ ಸಾವು ಸರ್ರನೆ ಇಳಿಯಿತು.

ಊರಿಗೆ ವಾಪಸ್ ಬಂದು ಸತ್ತವರ ಲೆಕ್ಕ ಹಾಕಿದಾಗಲೇ ಇದು ಅವರಿಗೆ ಪೂರ್ತಿ ಅರ್ಥವಾದದ್ದು. ಬೇರೆಯವರಾಗಿದ್ದರೆ ಬಂದ ಕೀರ್ತಿ ಸಾಕು ಅಂತ ಸುಮ್ಮನಿರುತ್ತಿದ್ದರು. ಇವರು ಆ ಲೆಕ್ಕವನ್ನೇ 1858ರಲ್ಲಿ ಬಣ್ಣದ ಚಿತ್ರ ಮಾಡಿ ದೊಡ್ಡವರ ಮುಂದೆ ಇಟ್ಟರು. ನನಗೆ ದೀಪಕ್ಕಿಂತ ಈ ಲೆಕ್ಕವೇ ದೊಡ್ಡದು ಅನ್ನಿಸುತ್ತದೆ.

ಆಮೇಲೆ ಅವರ ಆರೋಗ್ಯ ಕೆಟ್ಟಿತು. ಎಷ್ಟೋ ವರ್ಷ ಹಾಸಿಗೆಯಲ್ಲೇ ಕುಳಿತು ಪತ್ರ ಬರೆದೇ ಕೆಲಸ ಮಾಡಿಸಿದರು. 1860ರಲ್ಲಿ ಲಂಡನ್ನಿನಲ್ಲಿ ದಾದಿಯರ ಶಾಲೆ ಶುರುವಾಯಿತು. ನಮ್ಮ ದೇಶಕ್ಕೆ ಅವರು ಒಮ್ಮೆಯೂ ಬರಲಿಲ್ಲ. ಆದರೂ ಇಲ್ಲಿನ ಸೈನ್ಯದ ಠಾಣೆಗಳಿಗೆಲ್ಲ ಪ್ರಶ್ನೆಪಟ್ಟಿ ಕಳಿಸಿ ಉತ್ತರ ತರಿಸಿದರು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದಾರೆ ಎಂದು 1863ರ ವರದಿಯಲ್ಲಿ ತಿಳಿಯಿತು. ಮೊದಲು ಬರೀ ಸೈನಿಕರ ಚಿಂತೆ ಇತ್ತು. ನಿಧಾನಕ್ಕೆ ಗಮನ ಹಳ್ಳಿಗಳ ಕಡೆ ತಿರುಗಿತು. 1876ರಿಂದ 78ರವರೆಗೆ ಬಿದ್ದ ಬರಗಾಲದಲ್ಲಿ (ನಮ್ಮ ಮೈಸೂರು ಸೀಮೆಯಲ್ಲೂ ಲಕ್ಷಾಂತರ ಜನ ಸತ್ತರು) ರೈತರ ಪರವಾಗಿ ಬರೆದರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 1892ರಲ್ಲಿ, ಅಂದರೆ 72ನೇ ವಯಸ್ಸಿನಲ್ಲಿ, ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಶೈರ್ ಹಳ್ಳಿಗಳಲ್ಲಿ ಒಂದು ಹೊಸ ಕೆಲಸ ಶುರುಮಾಡಿಸಿದರು. ಹೆಂಗಸರಿಗೆ ಡಾಕ್ಟರಿಂದ ಪಾಠ ಹೇಳಿಸಿ ಮನೆ ಮನೆಗೆ ಕಳಿಸುವುದು. ಅವರು ಮದ್ದು ಕೊಡುವವರಲ್ಲ, ರೋಗ ಬಾರದ ಹಾಗೆ ಹೇಳಿಕೊಡುವವರು. ವೇದಿಕೆ ಮೇಲೆ ಭಾಷಣ ಬಿಗಿದರೆ ಏನೂ ಆಗುವುದಿಲ್ಲ, ಮನೆಯ ತಾಯಿಯ ಪರಿಚಯ ಮಾಡಿಕೊಳ್ಳಬೇಕು, ತಪ್ಪು ಹುಡುಕಲು ಬಂದ ಸಾಹೇಬರ ಹಾಗೆ ಒಳಗೆ ನುಗ್ಗಬಾರದು, ಇದು ಅವರ ವಿಚಾರ. ಭಾರತದ ಹಳ್ಳಿಗಳಿಗೂ ಇಂಥವರು ಬೇಕೆಂದು ಆ ವರ್ಷಗಳಲ್ಲಿ ಬರೆದರು. ಅವರ ಎಲ್ಲ ವಿಚಾರವೂ ಸರಿ ಇರಲಿಲ್ಲ. ಕೆಟ್ಟ ಗಾಳಿಯಿಂದಲೇ ರೋಗ ಬರುತ್ತದೆ ಎಂದು ನಂಬಿ, ಸೂಕ್ಷ್ಮ ಕ್ರಿಮಿಗಳ ಮಾತನ್ನು ತುಂಬಾ ವರ್ಷ ಒಪ್ಪಿರಲಿಲ್ಲ. ಆದರೆ ಈ ಮನೆ ಬಾಗಿಲಿನ ವಿಚಾರ ಎಷ್ಟು ಸರಿ ಅಂತ ನಾನು ನಮ್ಮ ಮನೆಯಲ್ಲೇ ನೋಡಿದ್ದೇನೆ.

ಮಂಗನ ಕಾಯಿಲೆ 1957ರಲ್ಲಿ ಪತ್ತೆಯಾದದ್ದು ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಕಾಡಿನ ಉಣುಗು ಕಚ್ಚಿದರೆ ಬರುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನವರಿಗೆ ಇದರ ಭಯ ಗೊತ್ತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಎಷ್ಟು ಜನ ಹೋದರು! ಹಳೇ ಲಸಿಕೆ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು 2022ರಲ್ಲಿ ನಿಲ್ಲಿಸಿದರು. ಹಾಗಾಗಿ ಕಾಡಿಗೆ ಹೋಗುವಾಗ ಮೈಗೆ ಡೆಪಾ ಎಣ್ಣೆ ಹಚ್ಚುವುದು, ಮೈ ತುಂಬಾ ಬಟ್ಟೆ ಹಾಕುವುದು, ಬಂದ ಮೇಲೆ ಬಿಸಿನೀರು ಸ್ನಾನ, ಜ್ವರ ಬಂದರೆ ತಡಮಾಡದೆ ರಕ್ತ ಪರೀಕ್ಷೆ, ಇಷ್ಟೇ ದಾರಿ.

ಆ ಎಣ್ಣೆ ಬಾಟಲಿ ತರುವವರು ಆಶಾ ಅಕ್ಕ. ಈ ಯೋಜನೆ 2005ರಲ್ಲಿ ಶುರುವಾಯಿತು. ಸುಮಾರು ಸಾವಿರ ಜನಕ್ಕೆ ಒಬ್ಬರು ಅಂತ ಲೆಕ್ಕ. ಬಯಲುಸೀಮೆಯಲ್ಲಿ ಸಾವಿರ ಜನ ನಾಲ್ಕು ಬೀದಿಯಲ್ಲಿ ಸಿಗಬಹುದು, ನಮ್ಮಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಗುಡ್ಡ ಹತ್ತಿ ಹಳ್ಳ ದಾಟಬೇಕು. ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ.

ಮೊದಲ ಸಲ ಕೊಟ್ಟ ಬಾಟಲಿಯನ್ನು ನಮ್ಮ ಅಜ್ಜಿ ಕಿಟಕಿಯಲ್ಲಿ ಇಟ್ಟವರು ಮುಟ್ಟಲೇ ಇಲ್ಲ. ವಾಸನೆ, ಅಂಟು ಅಂತ ನೂರು ನೆಪ. ಧ್ವನಿವರ್ಧಕದಲ್ಲಿ ಕೂಗಿಕೊಂಡು ಹೋದಾಗಲೂ ಅಜ್ಜಿ ಕಿವಿಗೆ ಹಾಕಿಕೊಳ್ಳಲಿಲ್ಲ. ಹದಿನೈದು ದಿನ ಬಿಟ್ಟು ಅಕ್ಕ ಮತ್ತೆ ಬಂದರು. ತುಂಬಿದ ಬಾಟಲಿ ಕಂಡರೂ ಗದರಲಿಲ್ಲ. ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದು ಕೊಟ್ಟಿಗೆ, ಕರು ಎಲ್ಲ ವಿಚಾರಿಸಿದರು. ದರಗು ತರಲು ಹೊರಟ ಅಜ್ಜಿಯ ಕಾಲಿಗೆ ಮಾತಾಡುತ್ತಲೇ ತಾವೇ ಎಣ್ಣೆ ಸವರಿಬಿಟ್ಟರು. ಈಗ ಅಜ್ಜಿ ನನ್ನನ್ನೂ ಹಚ್ಚದೆ ಕಾಡಿಗೆ ಬಿಡುವುದಿಲ್ಲ. ತೋಟದಾಚೆ ಮಂಗ ಸತ್ತು ಬಿದ್ದಿದ್ದರೆ ಮುಟ್ಟದೆ ಮೊದಲು ಅಕ್ಕನಿಗೆ ತಿಳಿಸಬೇಕೆಂದು ಊರಿಗೆಲ್ಲ ಹೇಳುವವರೂ ಅಜ್ಜಿಯೇ.

ನೈಟಿಂಗೇಲ್ ಅವರಿಗೆ ಕೊನೆಗಾಲದಲ್ಲಿ ಕಣ್ಣು ಕಾಣುತ್ತಿರಲಿಲ್ಲ. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಎಂಬ ದೊಡ್ಡ ಗೌರವ ಬಂತು. ಅದನ್ನು ಪಡೆದ ಮೊದಲ ಮಹಿಳೆ ಇವರೇ. 1910ರ ಆಗಸ್ಟ್ 13ರಂದು ಲಂಡನ್ನಿನಲ್ಲಿ ತೀರಿಕೊಂಡರು. ಹಿಂದೆ ರಾಜರನ್ನು ಮಣ್ಣು ಮಾಡಿದ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಜಾಗ ಕೊಡುತ್ತೇವೆ ಎಂದರೂ ಮನೆಯವರು ಬೇಡವೆಂದರು. ಈಸ್ಟ್ ವೆಲ್ಲೋ ಎಂಬ ಹಳ್ಳಿಯ ಚರ್ಚಿನಲ್ಲಿ ಸಮಾಧಿ ಇದೆ. ಕಲ್ಲಿನ ಮೇಲೆ ಪೂರ್ತಿ ಹೆಸರೂ ಇಲ್ಲ. ಎಫ್.ಎನ್. ಎಂಬ ಎರಡು ಅಕ್ಷರ, ಹುಟ್ಟಿದ ದಿನ, ಸತ್ತ ದಿನ, ಅಷ್ಟೆ.