ಹಳದಿ ಕೊರಳಿನ ಗುಬ್ಬಿಯೂ ಸಲೀಂ ಅಲಿಯವರೂ

ಪಕ್ಷಿಗಳ ಅಧ್ಯಯನವೆಂದೊಡನೆ ಭಾರತದಲ್ಲಿ ಮೊದಲು ನೆನಪಾಗುವ ಹೆಸರು ಸಲೀಂ ಅಲಿಯವರದು. 1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದ ಅವರು ಎಳವೆಯಲ್ಲಿಯೇ ತಂದೆತಾಯಿಯರನ್ನು ಕಳೆದುಕೊಂಡು ಸೋದರಮಾವನ ಆಶ್ರಯದಲ್ಲಿ ಬೆಳೆದರು.

ಬಾಲಕ ಸಲೀಂ ಏರ್‌ಗನ್ನಿನಿಂದ ಹೊಡೆದುರುಳಿಸಿದ ಗುಬ್ಬಿಯೊಂದರ ಕೊರಳಲ್ಲಿ ಹಳದಿ ಮಚ್ಚೆಯಿತ್ತು. ಇದಾವ ಗುಬ್ಬಿಯೆಂದು ಮಾವನಿಗೂ ತಿಳಿಯದೆ, ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. ಅಲ್ಲಿಯ ಕಾರ್ಯದರ್ಶಿ ಮಿಲಾರ್ಡ್ ಹಕ್ಕಿಯ ಹೆಸರನ್ನು ತಿಳಿಸಿದ್ದಲ್ಲದೆ, ಸಂಗ್ರಹದ ಹಕ್ಕಿಗಳನ್ನೂ ತೋರಿಸಿದರು, ಓದಲು ಪುಸ್ತಕಗಳನ್ನೂ ಕೊಟ್ಟರು. ಶಿಕ್ಷಕರಾದ ನಾವು ಈ ಪ್ರಸಂಗದಲ್ಲಿ ಬಾಲಕನಿಗಿಂತ ಮಿಲಾರ್ಡರನ್ನೇ ಹೆಚ್ಚು ಮೆಚ್ಚುತ್ತೇವೆ.

ಶಾಲೆಯ ಪಾಠ ಅವರಿಗೆ ಒಲಿಯಲಿಲ್ಲ. 1913ರಲ್ಲಿ ಮೆಟ್ರಿಕ್ ತೇರ್ಗಡೆಯಾದದ್ದೇ ಪ್ರಯಾಸದಿಂದ. ಪದವಿಯಿಲ್ಲವೆಂಬ ಕಾರಣಕ್ಕೆ ಸರ್ಕಾರಿ ಹುದ್ದೆಯೊಂದು ತಪ್ಪಿತು. ಬರ್ಲಿನ್‌ನಲ್ಲಿ ಸ್ಟ್ರೆಸೆಮನ್ನರ ಬಳಿ ಕಲಿತು 1930ರಲ್ಲಿ ಮರಳಿದಾಗ, ವಸ್ತುಸಂಗ್ರಹಾಲಯದಲ್ಲಿದ್ದ ಕೆಲಸವೂ ಇರಲಿಲ್ಲ. ಪತ್ನಿ ತೆಹ್ಮಿನಾ ಜೊತೆ ಕಡಲತಡಿಯ ಕಿಹೀಂ ಗ್ರಾಮದಲ್ಲಿ ನೆಲೆಸಿ, ನಿರುದ್ಯೋಗದ ದಿನಗಳನ್ನು ಗೀಜಗನ ಗೂಡುಗಳನ್ನು ನೋಡುತ್ತ ಕಳೆದರು. ಗಂಡು ಹಕ್ಕಿ ಗೂಡನ್ನು ಅರ್ಧ ನೇಯ್ದು ನಿಲ್ಲಿಸುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರಷ್ಟೇ ಅದು ಪೂರ್ಣಗೊಳ್ಳುತ್ತದೆ. ಬಳಿಕ ಗಂಡು ಮತ್ತೊಂದು ಗೂಡಿಗೆ ತೊಡಗುತ್ತದೆ. ತಾಳ್ಮೆಯಿಂದ ನೋಡಿಯೇ ಅವರು ಇದನ್ನು ಕಂಡುಕೊಂಡರು. ನಮ್ಮ ಒಡ್ಡನ್‌ಛತ್ರದ ಸುತ್ತಿನ ಮಕ್ಕಳು ಗೀಜಗನ ಗೂಡು ಕಂಡಾಗ ಕಲ್ಲೆಸೆಯದೆ ಅರ್ಧ ಗಂಟೆ ಕುಳಿತರೆ ಇದನ್ನೇ ಕಾಣಬಹುದು.

1933ರಲ್ಲಿ ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳ ಪಕ್ಷಿಸಮೀಕ್ಷೆ ನಡೆಸುತ್ತ ನಮ್ಮ ಪಳನಿ ಬೆಟ್ಟಗಳ ಪಡುವಣ ಮಗ್ಗುಲಿನ ಮರಯೂರಿನಲ್ಲಿಯೂ ಬೀಡುಬಿಟ್ಟಿದ್ದರು. 1939ರಲ್ಲಿ ತೆಹ್ಮಿನಾ ತೀರಿಕೊಂಡರು. ಆ ಶೋಕದ ಕಾಲದಲ್ಲಿಯೇ ಮೈಸೂರು ಸಂಸ್ಥಾನದ ಸಮೀಕ್ಷೆ ನಡೆಯಿತು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾದದ್ದು ಅವರ ಒತ್ತಾಸೆಯಿಂದ.

1941ರಲ್ಲಿ ಹೊರಬಂದ ಅವರ ಭಾರತೀಯ ಪಕ್ಷಿಗಳ ಪುಸ್ತಕ ಜನಸಾಮಾನ್ಯರಿಗಾಗಿಯೇ ಬರೆದದ್ದು. ಅದರಲ್ಲಿ ಹಕ್ಕಿಯ ಗಾತ್ರಕ್ಕೆ ಗುಬ್ಬಿ, ಪಿಕಳಾರ, ಗೊರವಂಕ, ಕಾಗೆ, ಹದ್ದುಗಳೇ ಅಳತೆಗೋಲು. ಗುಬ್ಬಿಗಿಂತ ದೊಡ್ಡದೋ, ಗೊರವಂಕಕ್ಕಿಂತ ಚಿಕ್ಕದೋ ಎಂದು ನೋಡಿಕೊಂಡ ಮೇಲೆ ಬಣ್ಣ, ಬಾಲ, ಕೂಗು. ಎಲೆಮರೆಯ ಹಕ್ಕಿಗೆ ಕೂಗೇ ಗುರುತು. ನಾವು ತರಗತಿಯಲ್ಲಿ ಬಳಸುವುದು ಇದೇ ಕ್ರಮವನ್ನು.

1987ರ ಜೂನ್ 20ರಂದು, ತೊಂಬತ್ತರ ಹರೆಯದಲ್ಲಿ ಅವರು ನಿಧನರಾದರು.

ಅವರ ಪುಸ್ತಕ ಇಂಗ್ಲಿಷಿನದು. ಹಕ್ಕಿಗಳ ಹೆಸರನ್ನು ಕನ್ನಡದಲ್ಲಿ ಉಳಿಸುವ ಕೆಲಸ ನಮ್ಮ ಮನೆಗಳದು. ಮನೆಯಲ್ಲಿ ಕನ್ನಡವಾಡುವ ಮಕ್ಕಳೂ ಹಿತ್ತಲಿನ ಕಪ್ಪು ಬಿಳಿ ಹಾಡುಹಕ್ಕಿಯನ್ನು ರಾಬಿನ್ ಎನ್ನುತ್ತಾರೆ. ಅದು ಮಡಿವಾಳ ಹಕ್ಕಿ. ತಮಿಳಿನಲ್ಲಿ ವಣ್ಣಾತ್ತಿ ಕುರುವಿ, ಮಲಯಾಳದಲ್ಲಿ ಮಣ್ಣಾತ್ತಿಪ್ಪುಳ್ಳ್. ಮೂರು ನುಡಿಗಳಲ್ಲಿಯೂ ಅದು ಅಗಸರ ಹಕ್ಕಿಯೇ. ಬೇಸಿಗೆಯ ಮುಂಜಾವಿನಲ್ಲಿ, ಬೆಳಕು ಹರಿಯುವ ಮೊದಲೇ, ಗಂಡು ಮರದ ತುದಿಯಲ್ಲಿ ಕುಳಿತು ಹಾಡುತ್ತದೆ. ಮಕ್ಕಳನ್ನು ಎಬ್ಬಿಸಿ ಕೇಳಿಸಿರಿ. ಅಜ್ಜಿ ಬೇರೊಂದು ಹೆಸರು ಹೇಳಿದರೆ ಅದನ್ನೂ ನೋಟುಬುಕ್ಕಿನಲ್ಲಿ ಬರೆಸಿ ಶಾಲೆಗೆ ಕಳುಹಿಸಿರಿ.